ಮೇನ್ ಸ್ವಿಚ್ ಆರಿಸಿದ ಕೈ

ಸಾಕಮ್ಮ, ಆ ಸಂಜೆ ಶಾಲೆಯ ಮೇನ್ ಸ್ವಿಚ್ ಆರಿಸಿದವನು ನಾನು. ಫ್ರಿಜ್ಜಿನಲ್ಲಿದ್ದ ಫ್ಲೂ ಜ್ವರದ ಲಸಿಕೆ ಕೆಟ್ಟದ್ದು ನನ್ನ ಕೈಯಿಂದ, ನಿಮ್ಮ ಕೈಯಿಂದ ಅಲ್ಲ. ಇದು ನನಗೆ ಮರುದಿನ ಬೆಳಿಗ್ಗೆ ಎಂಟು ಗಂಟೆಗೇ ಗೊತ್ತಾಗಿತ್ತು. ನಾಲ್ಕು ವರ್ಷ ಸುಮ್ಮನಿದ್ದೆ.

ಮೊದಲ ಸಾಲಿನಲ್ಲೇ ಇದನ್ನು ಬರೆದುಬಿಟ್ಟಿದ್ದೇನೆ. ಮುಂದೆ ಬರೆಯುತ್ತಾ ಧೈರ್ಯ ಕಡಿಮೆಯಾದರೂ ಆ ಸಾಲು ಅಲ್ಲೇ ಇರಲಿ ಎಂದು. ನಿಮಗೆ ಓದಲು ಬರುವುದಿಲ್ಲ. ನಿಮ್ಮ ಮೊಮ್ಮಗಳು ಕಾವ್ಯ ಓದಿ ಹೇಳುತ್ತಾಳೆ. ಅವಳೂ ಕೇಳಬೇಕಾದ ಮಾತೇ ಇದು. ಇನ್ನೊಂದು — ನಾನು ಮುಖ್ಯೋಪಾಧ್ಯಾಯನಾಗಿದ್ದಷ್ಟು ಕಾಲವೂ, ಬಿಸಿಯೂಟ ಬೇಯಿಸುತ್ತಿದ್ದ ನಿಮ್ಮನ್ನು ಏಕವಚನದಲ್ಲೇ ಕರೆದೆ. ಇಲ್ಲಿ ‘ನೀವು’ ಎಂದು ಬರೆಯುತ್ತಿದ್ದೇನೆ. ಕಾವ್ಯ ನಕ್ಕರೆ ನಗಲಿ.

ನನ್ನ ಪದ್ಧತಿ ನಿಮಗೆ ಗೊತ್ತು. ಬೆಳಿಗ್ಗೆ ಎಂಟಕ್ಕೆ ಗೇಟು ತೆಗೆಯುವವನು ನಾನು, ಸಂಜೆ ನಾಲ್ಕೂ ನಲವತ್ತಕ್ಕೆ ಹಾಕುವವನೂ ನಾನು. ಹೊರಡುವ ಮುಂಚೆ ಒಂದೊಂದು ಕೋಣೆಯ ಬೀಗವನ್ನೂ ಎಳೆದು ನೋಡಬೇಕು, ನಲ್ಲಿ ಬಿಗಿ ಮಾಡಬೇಕು, ಗಂಟೆ ಹೊಡೆಯುವ ಕಬ್ಬಿಣದ ತುಂಡನ್ನು ಒಳಗಿಡಬೇಕು, ಕೊನೆಗೆ ವರಾಂಡದ ಗೋಡೆಯ ಮೇನ್ ಸ್ವಿಚ್ಚನ್ನು ಕೆಳಕ್ಕೆ ಎಳೆಯಬೇಕು. ಒಮ್ಮೆ ಇಲಿ ವೈರು ಕಡಿದು ನಲಿಕಲಿ ಕೋಣೆಯಲ್ಲಿ ಹೊಗೆ ಎದ್ದ ದಿನದಿಂದ ಈ ನಿಯಮ. ಹಲಗೂರಿನ ಕಡೆಯಿಂದ ಬರುವ ಬಸ್ಸು ತಪ್ಪಿದರೂ ಇದು ತಪ್ಪುತ್ತಿರಲಿಲ್ಲ. ಹಾಗಾಗಿಯೇ ಅಡುಗೆಮನೆಗೆ ದಾನ ಬಂದ ಫ್ರಿಜ್ಜು ಹಗಲಲ್ಲಿ ಮಾತ್ರ ಓಡುತ್ತಿತ್ತು, ಅದರಲ್ಲಿ ನೀವು ತರಕಾರಿ ಬಿಟ್ಟು ಬೇರೇನೂ ಇಡುತ್ತಿರಲಿಲ್ಲ.

ಲಸಿಕೆ ಕೆಟ್ಟ ವರ್ಷದ ಹಿಂದಿನ ವರ್ಷ ಅರ್ಧ ಶಾಲೆ ಜ್ವರದಲ್ಲಿ ಮಲಗಿತ್ತು. ಅದನ್ನು ಕೇಳಿ ನನ್ನ ಹಳೆಯ ವಿದ್ಯಾರ್ಥಿನಿ, ಮದ್ದೂರಿನಲ್ಲಿ ಕ್ಲಿನಿಕ್ ಇಟ್ಟಿರುವ ಡಾಕ್ಟರ್ ಸವಿತಾ, ಎಲ್ಲ ಮಕ್ಕಳಿಗೂ ಲಸಿಕೆ ಹಾಕಿಕೊಡುತ್ತೇನೆ ಎಂದಳು. ಇದನ್ನು ಪ್ರತಿ ವರ್ಷ ಹಾಕಿಸಬೇಕು, ಉಬ್ಬಸ ಇರುವ ಮಕ್ಕಳಿಗೆ ತಪ್ಪಿಸಲೇಬಾರದು ಎಂದು ವಿವರಿಸಿದಳು. ಉಬ್ಬಸ ಎಂದ ಕೂಡಲೇ ನೀವು ಸೌಟು ಹಿಡಿದೇ ಬಾಗಿಲಿಗೆ ಬಂದಿರಿ. ಕಾವ್ಯ ಆಗ ಮೂರನೇ ತರಗತಿ, ಮೋಡ ಮುಸುಕಿದರೆ ಸಾಕು, ಅವಳ ಎದೆ ಗೊರಗೊರ ಎನ್ನುತ್ತಿತ್ತು. ಪೋಷಕರ ಒಪ್ಪಿಗೆ ಚೀಟಿಗಳಲ್ಲಿ ಮೊದಲು ಬಂದದ್ದು ನಿಮ್ಮ ಹೆಬ್ಬೆಟ್ಟಿನದು.

ಲಸಿಕೆ ಹಾಕುವ ಹಿಂದಿನ ದಿನವೇ ಅದು ಮಂಡ್ಯದಿಂದ ಬಂತು, ಮಧ್ಯಾಹ್ನ ಮೂರೂವರೆಗೆ, ಐಸ್ ಡಬ್ಬಿಯಲ್ಲಿ. ತಂದವನ ಫೋನಿನಲ್ಲೇ ಸವಿತಾ ನನ್ನೊಡನೆ ಮಾತಾಡಿದಳು. ಬೆಳಿಗ್ಗೆ ತಾನು ಮಳವಳ್ಳಿಯಿಂದ ನೇರ ಬರುತ್ತೇನೆ, ಇದೊಂದು ರಾತ್ರಿ ಫ್ರಿಜ್ಜು ಆರಬಾರದು, ಮರೆಯಬೇಡಿ ಸರ್, ಎಂದಳು. ಮರೆಯಬೇಡಿ ಎಂದು ನನಗೆ ಹೇಳುತ್ತಾಳಲ್ಲ ಎಂದು ನನಗೆ ಸ್ವಲ್ಪ ಕೋಪವೇ ಬಂತು. ಪೆಟ್ಟಿಗೆಯನ್ನು ಫ್ರಿಜ್ಜಿನಲ್ಲಿಟ್ಟು, ಬಿಳಿ ಹಾಳೆಯ ಮೇಲೆ ‘ಆರಿಸಬಾರದು’ ಎಂದು ದಪ್ಪಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ನಾನೇ ಅಂಟಿಸಿದೆ. ನೀವು ಮಾರನೆಯ ದಿನದ ಸಾಂಬಾರಿಗೆ ಖಾರ ರುಬ್ಬಿಟ್ಟು ನಾಲ್ಕಕ್ಕೆ ಹೊರಟಿರಿ.

ನಾಲ್ಕೂ ನಲವತ್ತು. ಬೀಗಗಳು. ನಲ್ಲಿ. ಗಂಟೆಯ ಕಬ್ಬಿಣ. ಆಮೇಲೆ — ಆಮೇಲೆ ಏನಾಯಿತು ಎಂಬುದು ನನಗೆ ನೆನಪೇ ಇಲ್ಲ. ಅಷ್ಟು ವರ್ಷ ಮಾಡಿದ್ದನ್ನು ಯಾರು ನೆನಪಿಡುತ್ತಾರೆ. ಕೈ ತನ್ನ ಪಾಡಿಗೆ ಮಾಡಿತು. ನಾನು ಬಸ್ಸಿನ ಯೋಚನೆಯಲ್ಲಿದ್ದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಗೇಟು ತೆಗೆದು, ವರಾಂಡ ಹತ್ತಿ, ಮೇನ್ ಸ್ವಿಚ್ಚನ್ನು ಮೇಲಕ್ಕೆತ್ತಿದೆ. ಬೀಗ ಹಾಕಿದ ಅಡುಗೆಮನೆಯ ಒಳಗಿಂದ ಫ್ರಿಜ್ಜು ಗುರ್ ಎಂದು ಶುರುವಾಯಿತು. ಆ ಸದ್ದು ಕೇಳಿದಾಗ ಗೊತ್ತಾಯಿತು. ಕೈ ಇನ್ನೂ ಸ್ವಿಚ್ಚಿನ ಮೇಲೇ ಇತ್ತು.

ಸವಿತಾ ಬರಲು ಎರಡು ಗಂಟೆ ಇತ್ತು, ಜೇಬಿನಲ್ಲಿ ಫೋನ್ ಇತ್ತು. ಮಾಡಲಿಲ್ಲ. ತಣ್ಣಗಾಗುತ್ತದೆ, ಏನೂ ಆಗಿರಲಿಕ್ಕಿಲ್ಲ ಎಂದುಕೊಂಡೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ, ತರಗತಿವಾರು, ಎತ್ತರದ ಪ್ರಕಾರ. ಕೆಟ್ಟಿರಬಹುದಾದ ಮದ್ದಿಗೆ ಐವತ್ತೆಂಟು ಮಕ್ಕಳನ್ನು ಅಷ್ಟು ಶಿಸ್ತಾಗಿ ನಿಲ್ಲಿಸಿದೆ, ಸಾಕಮ್ಮ.

ಲಸಿಕೆಯ ಪೆಟ್ಟಿಗೆಯೊಳಗೆ ಬೆರಳುದ್ದದ ಒಂದು ಶಾಖಮಾಪಕ ಇತ್ತು — ರಾತ್ರಿಯೆಲ್ಲ ಎಷ್ಟು ಬಿಸಿಯಾಗಿತ್ತೆಂದು ಗುರುತಿಟ್ಟುಕೊಳ್ಳುವಂಥದ್ದು. ಅದು ಇರುವುದೇ ನನಗೆ ಗೊತ್ತಿರಲಿಲ್ಲ. ಅದು ಇಲ್ಲದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇ? ಇಲ್ಲ. ಅದಕ್ಕೇ ನನ್ನ ಮೊದಲ ಕೃತಜ್ಞತೆ ಆ ಪುಟ್ಟ ಯಂತ್ರಕ್ಕೆ. ಎರಡನೆಯದು ಸವಿತಾಳಿಗೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, ಕೂಗಾಡದೆ ಹೇಳಿದಳು: “ಕೆಟ್ಟಿದೆಯೋ ಇಲ್ವೋ ನಂಗೊತ್ತಿಲ್ಲ ಸರ್. ಗೊತ್ತಿಲ್ದೇ ಇರೋದನ್ನ ಮಕ್ಕಳಿಗೆ ಚುಚ್ಚಲ್ಲ.”

ಆಮೇಲೆ ಫ್ರಿಜ್ಜು ಯಾರು ಆರಿಸಿದ್ದು ಎಂದು ಕೇಳಿದಳು. ನೀವು ಅಲ್ಲೇ ನಿಂತಿದ್ದಿರಿ, ಕಾವ್ಯಳ ತೋಳಿನ ಬಟ್ಟೆ ಮೇಲಕ್ಕೆ ಮಡಚಿಕೊಂಡು. ನಾನು ಹೇಳಿದೆ:

“ಅಡುಗೆಮನೆ ಬೀಗದ ಕೈ ಇರೋದು ಸಾಕಮ್ಮನ ಹತ್ರ. ಮಿಕ್ಸಿಗೂ ಫ್ರಿಜ್ಜಿಗೂ ಒಂದೇ ಪ್ಲಗ್ ಪಾಯಿಂಟು.”

ಇಷ್ಟೇ ಹೇಳಿದ್ದು. ಎರಡೂ ಮಾತು ನಿಜ. ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮೇಷ್ಟ್ರು ನಾನು, ಸುಳ್ಳು ಹೇಳಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ.

ನೀವು ವಾದ ಮಾಡುತ್ತೀರಿ ಎಂದುಕೊಂಡಿದ್ದೆ. ‘ಆರಿಸಬಾರದು’ ಎಂದು ಬರೆದು ಅಂಟಿಸಿದವನೇ ಮೇನ್ ಸ್ವಿಚ್ ಆರಿಸಿರಬಹುದು ಎಂದು ನಿಮಗೆ ಹೊಳೆಯಲೇ ಇಲ್ಲ. ನೀವು ನಿಮ್ಮ ಕೈ ನೋಡಿಕೊಂಡಿರಿ. ಹಿಂದಿನ ಸಂಜೆ ಖಾರ ರುಬ್ಬಿದ ಮೇಲೆ ಫ್ರಿಜ್ಜಿನ ಪ್ಲಗ್ಗನ್ನು ತಿರುಗಿ ಹಾಕಿದೆನೋ ಇಲ್ಲವೋ, ಬೆಳಿಗ್ಗೆ ಬಂದು ಮತ್ತೆ ಮಿಕ್ಸಿ ಹಾಕುವಾಗ ಅದು ಗೋಡೆಯಲ್ಲಿತ್ತೋ ನೇತಾಡುತ್ತಿತ್ತೋ — ದಿನಕ್ಕೆ ಹತ್ತು ಸಲ ಮಾಡುವ ಕೆಲಸ, ಯಾರು ನೆನಪಿಡುತ್ತಾರೆ. “ಇರಬೈದು ಕಣವ್ವ,” ಎಂದಿರಿ ಸವಿತಾಳಿಗೆ. “ನಂದೇ ಗ್ಯಾನ ತಪ್ಪಿರಬೈದು.” ಆಮೇಲೆ ಮಡಚಿದ್ದ ತೋಳನ್ನು ನಿಧಾನವಾಗಿ ಕೆಳಗಿಳಿಸಿದಿರಿ.

ಹೊಸ ಲಸಿಕೆ ಬರಲು ಮೂರು ವಾರ ಹಿಡಿಯಿತು. ಅಷ್ಟರೊಳಗೆ ಜ್ವರ ಊರಿಗೆ ಬಂತು. ಕಾವ್ಯ ಮಂಡ್ಯದ ಆಸ್ಪತ್ರೆಯಲ್ಲಿ ಆರು ದಿನ ಆಮ್ಲಜನಕದ ಕೊಳವೆ ಇಟ್ಟುಕೊಂಡು ಮಲಗಿದ್ದಳು. ಲಸಿಕೆ ಆ ದಿನವೇ ಬಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಖಚಿತವಾಗಿ ಹೇಳಲು ಬರುವುದಿಲ್ಲ ಎಂದಳು ಸವಿತಾ. ಅವಳು ಪ್ರಾಮಾಣಿಕಳು. ನಾನು ಆ ‘ಖಚಿತವಾಗಿ ಹೇಳಲು ಬರುವುದಿಲ್ಲ’ ಎಂಬುದರ ಹಿಂದೆ ಅವಿತುಕೊಂಡೆ. ನಾನು ಆಸ್ಪತ್ರೆಗೆ ಹಣ್ಣು ಹಿಡಿದು ಬಂದೆ. ನೀವು ಎದ್ದು ನಿಂತು ಸ್ಟೂಲು ಕೊಟ್ಟಿರಿ. ಕೂತೆ.

ಊರಿನವರು ನಿಮ್ಮನ್ನು ಬಿಡಲಿಲ್ಲ. ನೀರಿನ ಟ್ಯಾಂಕಿನ ಹತ್ತಿರ ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು: “ಸಾರ್ಗೆ ಉಪ್ಪು ಮರ್ತ್ರೆ ಎಂಗೋ ಉಣ್ಬೈದು ಕಣ್ಲಾ, ಮದ್ನೇ ಮರ್ತ್ರೆ?” ಶಾಲಾ ಸಮಿತಿಯ ಸಭೆಯಲ್ಲಿ ನಿಮ್ಮನ್ನು ತೆಗೆದು ಬೇರೆಯವರನ್ನು ಹಾಕಿಕೊಳ್ಳಬೇಕು ಎಂದರು. ಆಗ ನಾನು ಎದ್ದು ನಿಂತು, ಮನುಷ್ಯರೆಂದ ಮೇಲೆ ಮರೆವು ಇರುತ್ತದೆ, ಇದೊಂದು ಸಲ ಕ್ಷಮಿಸಿ ಎಂದು ನಿಮ್ಮ ಪರವಾಗಿ ಮಾತಾಡಿದೆ. ಸಭೆ ಒಪ್ಪಿತು. ನನ್ನ ದೊಡ್ಡ ಮನಸ್ಸನ್ನು ಹೊಗಳಿದರು. ನನ್ನ ತಪ್ಪಿಗೆ ನಿಮ್ಮ ಹೆಸರಿನಲ್ಲಿ ಕ್ಷಮೆ ಕೇಳಿ, ಅದರ ಪುಣ್ಯವನ್ನೂ ನಾನೇ ಇಟ್ಟುಕೊಂಡೆ.

ಅಂದಿನಿಂದ ನೀವು ನನಗೆ ಕೃತಜ್ಞರಾಗಿದ್ದೀರಿ. ನಿವೃತ್ತನಾದ ದಿನ ಕಾಲಿಗೆ ಬಿದ್ದು, ಕೆಲಸ ಉಳಿಸಿದ ಪುಣ್ಯಾತ್ಮ ಎಂದಿರಿ. ಯುಗಾದಿಗೆ ತಪ್ಪದೆ ಒಬ್ಬಟ್ಟು ಕಳಿಸುತ್ತೀರಿ. ಕಳೆದ ಚಳಿಗಾಲದಲ್ಲಿ ನಾನೇ ಜ್ವರ ಬಂದು ಮಲಗಿದಾಗ ಒಂದು ವಾರ ದಿನಾ ಹುರುಳಿಕಟ್ಟಿನ ಸಾರು ಬಂತು. ನನ್ನ ಹೆಂಡತಿ, ಎಂಥ ಜನ ನೋಡಿ ಎಂದಳು. ನಾನು ಬಟ್ಟಲು ಮುಂದಕ್ಕೆಳೆದುಕೊಂಡು ಉಂಡೆ. ಆ ಸಾರಿನಿಂದಲೇ ಚೇತರಿಸಿಕೊಂಡೆ ಎಂಬುದೂ ನಿಜ.

ಇಷ್ಟಾದರೂ ಬಹುಶಃ ಬರೆಯುತ್ತಿರಲಿಲ್ಲ. ಕಳೆದ ಬುಧವಾರದ ಸಂಜೆ ಬರೆಸಿತು.

ಗುರುವಾರ ಈ ವರ್ಷದ ಲಸಿಕೆ ಎಂದು ಶಾಲೆಯ ಕಡೆ ಬಂದಿದ್ದೆ. ಈಗಿನ ಹೆಡ್‌ಮೇಷ್ಟ್ರು ಮೇನ್ ಸ್ವಿಚ್ ಆರಿಸುವುದಿಲ್ಲ. ಅಡುಗೆಮನೆಯಲ್ಲಿ ನೀವು ಮಣೆ ಹಾಕಿಕೊಂಡು ಕೂತಿದ್ದಿರಿ, ಫ್ರಿಜ್ಜಿನ ಮೈಗೆ ಅಂಗೈ ಆನಿಸಿಕೊಂಡು. ಕತ್ತಲಾಗುತ್ತದೆ, ಮನೆಗೆ ಹೋಗಬಾರದೇ ಎಂದೆ. ನೀವು ತಲೆ ಎತ್ತಲಿಲ್ಲ.

“ಓಗಕಿಲ್ಲ ಸಾ. ಲಸ್ಕೆ ಬಂದಾಗ್ಲೆಲ್ಲಾ ಇಲ್ಲೇ ಕುಂತ್ಕತೀನಿ. ನನ್ ಕೈ ನಾನೇ ನಂಬಾಕಾಗಕಿಲ್ಲ. ಕಾವ್ಯಂಗೆ ಮಾತ್ರೆನೂ ನಾನ್ ಕೊಡಕಿಲ್ಲ, ಅವ್ಳೇ ತಕತಾಳೆ. ನಾನ್ ಕೊಡಾಕೋಗಿ ಏನಾರಾ ತಪ್ಬುಟ್ರೆ?”

ನಾನು ಅಲ್ಲಿಂದ ಹೇಗೆ ಬಂದೆ ಎಂದು ತಿಳಿಯದು. ನಿಮ್ಮ ಹೆಸರು ಕೆಡಿಸಿದೆ ಎಂದು ಮಾತ್ರ ತಿಳಿದಿದ್ದೆ. ಐವತ್ತೆಂಟು ಮಕ್ಕಳಿಗೆ ಅಳತೆ ತಪ್ಪದೆ ಬೇಯಿಸುವ ಕೈಯ ಮೇಲೆ ನಿಮಗಿದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದೇನೆ ಎಂದು ತಿಳಿದಿರಲಿಲ್ಲ. ಲಸಿಕೆಯ ಪೆಟ್ಟಿಗೆ ಹಾಳಾಯಿತು, ಸವಿತಾ ಇನ್ನೊಂದು ತಂದಳು. ಇದನ್ನು ಯಾರು ತರುತ್ತಾರೆ?

ಗುರುವಾರ ನಾನು ಬಾಗಿಲ ಹತ್ತಿರ ನಿಂತಿದ್ದೆ. ಕಾವ್ಯ ಈಗ ಏಳನೇ ತರಗತಿ. ತಾನೇ ತೋಳು ಮಡಚಿಕೊಂಡು ಮುಂದೆ ಬಂದಳು, ಸೂಜಿ ನೋಡಿ ಮುಖ ಕಿವುಚಿದಳು, ಆಮೇಲೆ ಹಿಂದಿದ್ದ ಹುಡುಗಿಯನ್ನು ಅಣಕಿಸಿ ಓಡಿದಳು. ಅವಳು ಓಡಿದಳು, ಸಾಕಮ್ಮ. ಉಬ್ಬಸವಿಲ್ಲದೆ ಮೈದಾನದ ಆ ತುದಿಯವರೆಗೆ. ನನ್ನಂಥವನಿಗೂ ಅದನ್ನು ನೋಡುವ ಭಾಗ್ಯ ಸಿಕ್ಕಿತು. ಅವಳನ್ನು ಉಳಿಸಿದ ಆಸ್ಪತ್ರೆಯವರಿಗೆ, ಬೇಸರಪಡದೆ ವರ್ಷ ವರ್ಷ ಬರುವ ಸವಿತಾಳಿಗೆ, ಆರು ದಿನ ನಿದ್ದೆ ಬಿಟ್ಟು ಕೂತ ನಿಮಗೆ ನಾನು ಋಣಿ. ನಾಲ್ಕು ವರ್ಷ ನೀವು ನನಗೆ ಹೇಳಿದ ಧನ್ಯವಾದಗಳೆಲ್ಲ ನಿಮ್ಮವು. ಅವನ್ನು ಇಟ್ಟುಕೊಳ್ಳಲು ನನಗೆ ಹಕ್ಕಿಲ್ಲ. ಹಿಂದಿರುಗಿಸುವ ದಾರಿಯೂ ಇದೊಂದನ್ನು ಬಿಟ್ಟು ತಿಳಿಯದು.

ಕೈಯ ಅಭ್ಯಾಸ ಎಂದೆ. ಮೇನ್ ಸ್ವಿಚ್ಚಿಗೆ ಅದು ಕಾರಣ. ಮರುದಿನ ನಾಲಿಗೆ ಆಡಿದ್ದಕ್ಕೆ ಕಾರಣ ಅಲ್ಲ. ಅದನ್ನು ನಾನು ಯೋಚಿಸಿಯೇ ಆಡಿದೆ.

ಸವಿತಾಳಿಗೆ ಇವತ್ತು ಫೋನ್ ಮಾಡಿ ಹೇಳಿದೆ. ಮೊದಲು ಸಾಕಮ್ಮನಿಗೆ ಹೇಳಿ ಸರ್, ಎಂದಳು. ಶನಿವಾರ ಪೋಷಕರ ಸಭೆ. ನಿಮ್ಮ ಪರವಾಗಿ ಮಾತಾಡಿದೆನಲ್ಲ, ಅದೇ ವರಾಂಡದಲ್ಲಿ ನಿಂತು ಇದನ್ನೆಲ್ಲ ಹೇಳುತ್ತೇನೆ. ಟ್ಯಾಂಕಿನ ಹತ್ತಿರ ಆಡಿಕೊಂಡವರನ್ನು ಹೆಸರು ಹಿಡಿದು ಕರೆಸಿದ್ದೇನೆ. ಇನ್ನು ಮುಂದೆ ಅವರು ಆಡಿಕೊಳ್ಳಬೇಕಾದದ್ದು ನನ್ನನ್ನು.

ಅದಕ್ಕೆ ಮುಂಚೆ, ನಾಳೆ ಸಂಜೆ, ಈ ಕಾಗದ ಹಿಡಿದು ನಿಮ್ಮ ಮನೆಗೆ ಬರುತ್ತೇನೆ. ಕಾವ್ಯ ಓದಲಿ. ನಾನು ಎದುರಿಗೇ ಇರುತ್ತೇನೆ. ನೀವು ಎದ್ದು ಸ್ಟೂಲು ಕೊಡಬೇಡಿ, ನಿಂತಿರುತ್ತೇನೆ. ಕೇಳಿದ ಮೇಲೆ ಬೈಯಬೇಕೆನ್ನಿಸಿದರೆ ಬೈಯಿರಿ, ಮಾತು ಬೇಡವೆನ್ನಿಸಿದರೆ ಬೇಡ. ಕ್ಷಮಿಸಿ ಎಂದು ನಾನು ಕೇಳುವುದಿಲ್ಲ.

ಒಂದನ್ನು ಮಾತ್ರ ಕೇಳುತ್ತೇನೆ. ನಾಳೆ ರಾತ್ರಿ ಊಟವಾದ ಮೇಲೆ ಕಾವ್ಯಳ ಮಾತ್ರೆಯನ್ನು ನಿಮ್ಮ ಕೈಯಿಂದ ಕೊಡಿ. ಆ ಕೈ ಯಾವತ್ತೂ ತಪ್ಪಿಲ್ಲ.