ಬಾಗಿಲು ಹಾಕಲೊಲ್ಲದ ಸೀಟಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಗರಸಭೆಯ ಈಜುಕೊಳದ ಪಂಪ್ ಕೋಣೆಯಲ್ಲಿ ಸೀಟಿಯಕ್ಕ ನೀರು ಸೋಸುವ ಮೋಟಾರಿನ ಜೊತೆ ಜಗಳಕ್ಕೆ ನಿಂತಿದ್ದಾರೆ. ಸ್ವಿಚ್ ಹಾಕಿದರೆ ಅದು ಗುರ್ ಎನ್ನುತ್ತದೆ, ಸುಮ್ಮನಾಗುತ್ತದೆ. "ಏಳಪ್ಪ ನನ್ನಪ್ಪ, ಹೊರಗೆ ಜನ ಕಾಯ್ತಿದ್ದಾರೆ," ಎಂದು ಗದರಿ, ಕೋಲಿನಿಂದ ಅದರ ಫ್ಯಾನಿಗೊಂದು ತಿರುವು ಕೊಟ್ಟು ಮತ್ತೆ ಸ್ವಿಚ್ ಒತ್ತುತ್ತಾರೆ. ಈ ಸಲ ಮೋಟಾರು ಮಾತು ಕೇಳುತ್ತದೆ. ಸೀಟಿ ಊದಿ ಗೇಟು ತೆಗೆಯುತ್ತಾರೆ.

ಊರಿಗೆ ಅವರ ಹೆಸರು ಗೊತ್ತಿಲ್ಲ, ಸೀಟಿ ಗೊತ್ತು. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಜೀವರಕ್ಷಕಿ. ಪಂಪ್ ನೋಡುತ್ತಿದ್ದವರು ನಿವೃತ್ತರಾದ ಮೇಲೆ ಆ ಕೆಲಸವೂ ಇವರ ತಲೆಗೇ ಬಂತು. ಕೆಲಸ ಇಂದಿಗೂ ಖಾಯಂ ಆಗಿಲ್ಲ. ಬಸ್ ಓಡಿಸುತ್ತಿದ್ದ ಗಂಡ ಬೆನ್ನುನೋವಿನಿಂದ ಮನೆಯಲ್ಲಿದ್ದಾರೆ. ಬೆಳಗಿನ ಪಾಳಿಯಲ್ಲಿ ನೂರರ ಹತ್ತಿರ ಜನ ಬರುತ್ತಾರೆ. ಮಂಡಿನೋವಿನ ಅಜ್ಜಿಯರು, ಈಗಷ್ಟೇ ಕೈಕಾಲು ಬಡಿಯಲು ಕಲಿತ ಹುಡುಗಿಯರು; ಬೇರೆಡೆಯ ಟಿಕೆಟ್ ಕೈಗೆಟುಕದವರು.

ಹೊಸ ಮೋಟಾರು ಕೇಳಿ ಕೇಳಿ ಅಕ್ಕನ ಬಾಯಿ ಒಣಗಿದೆ. ಕಳೆದ ವರ್ಷ ಹಣವೇನೋ ಮಂಜೂರಾಯಿತು. ಆ ಹಣದಲ್ಲಿ ಗೇಟಿನ ಮುಂದೆ ಬಣ್ಣದ ಕಾರಂಜಿ ಎದ್ದಿತು!

"ಕಾರಂಜಿಯಲ್ಲಿ ಯಾರಾದ್ರೂ ಈಜ್ತಾರಾ? ಕೇಳಿದ್ರೆ ನಗರಸಭೆಯವರು, 'ಮೋಟಾರಿಗೆ ಉದ್ಘಾಟನೆ ಮಾಡೋಕಾಗುತ್ತೇನಮ್ಮ?' ಅಂದ್ರು," ಎಂದು ಹಣೆ ಚಚ್ಚಿಕೊಳ್ಳುತ್ತಾರೆ.

ಇಷ್ಟು ಸಾಲದೆಂಬಂತೆ, ಕಳೆದ ತಿಂಗಳು ಕೊಳವನ್ನು ಖಾಸಗಿ ಕ್ಲಬ್ಬಿಗೆ ಒಪ್ಪಿಸುವ ಮಾತೆದ್ದಿತು. ನಗರಸಭಾ ಸದಸ್ಯರು ನೋಡಲು ಬರುವ ಹಿಂದಿನ ದಿನ ನಗರಸಭೆಯ ಎಂಜಿನಿಯರ್ ಬಂದರು.

"ಅಕ್ಕ, ನಾಳೆ ಬಾಗಿಲು ತೆಗೀಬೇಡಿ. ಖಾಲಿ ಇದ್ರೆ ನೋಡೋಕೆ ಚೆನ್ನ."

"ಖಾಲಿ ಇದ್ರೆ, ಇಲ್ಲಿಗೆ ಯಾರೂ ಬರಲ್ಲ ಅಂತ ಬರ್ಕೊಂಡು ಹೋಗ್ತಾರೆ, ಸಾರ್."

"ಮೇಲಿನವರ ಮಾತು. ನನ್ನನ್ಯಾಕೆ ಸಿಕ್ಕಿಸ್ತೀರಿ?"

ಮನೆಯಲ್ಲಿ ಗಂಡನಿಗೂ ದಿಗಿಲು. "ಬಾಗಿಲು ತೆಗೆದು ಕೆಲಸ ಹೋದ್ರೆ?"

"ಕೊಳ ಹೋದ್ರೂ ಕೆಲಸ ಹೋಗುತ್ತಲ್ರೀ!"

ಮರುದಿನ ಅಕ್ಕ ಎಂದಿನಂತೆ ಗೇಟು ತೆಗೆದರು. ಸದಸ್ಯರ ಜೊತೆ ಬೂಟು ಹಾಕಿಕೊಂಡೇ ಒಳಗೆ ಬಂದ ನಗರಸಭೆ ಅಧ್ಯಕ್ಷರನ್ನು, ಸೊಂಟದ ಮಟ್ಟದ ನೀರಲ್ಲಿ ಕಂಬಿ ಹಿಡಿದಿದ್ದ ಅಜ್ಜಿಯೊಬ್ಬರು ತಡೆದು ಕೇಳಿದರು: "ಕ್ಲಬ್ಬಿನವರು ನನ್ನನ್ನ ಒಳಗೆ ಬಿಡ್ತಾರೇನಪ್ಪ?" ಅಧ್ಯಕ್ಷರು ಎಂಜಿನಿಯರ್ ಮುಖ ನೋಡಿದರು, ಎಂಜಿನಿಯರ್ ನೆಲ ನೋಡಿದರು. ಆ ವಾರದ ಸಭೆಯಲ್ಲಿ ಪ್ರಸ್ತಾವ ಬಿದ್ದುಹೋಯಿತು. ಕೊಳ ಊರಿನದಾಗಿಯೇ ಉಳಿಯಿತು.

ಮೋಟಾರು? ಅದರ ಅಧ್ಯಯನಕ್ಕೆ ಉಪಸಮಿತಿ ಆಗಿದೆಯಂತೆ. "ಉಪಸಮಿತಿಯವರಿಗೆ ಈಜು ಬರುತ್ತಾ ಅಂತ ಮೊದಲು ಕೇಳ್ಬೇಕು," ಎನ್ನುವ ಅಕ್ಕನ ಮುಖದಲ್ಲಿ ನಗುವಿಲ್ಲ.

ನಿಮಗೇನಾಸೆ ಎಂದರೆ ಮಾತ್ರ ದನಿ ಮೆತ್ತಗಾಗುತ್ತದೆ. "ಇಷ್ಟು ವರ್ಷ ದಡದ ಮೇಲೇ ನಿಂತೆ. ಕೆಲಸ ಬಿಟ್ಟ ಮಾರನೇ ದಿನ ಟಿಕೆಟ್ ತಗೊಂಡು ಬಂದು ಮನಸಾರೆ ಈಜ್ಬೇಕು. ಆವತ್ತು ನೀರು ಕೊಳಕಾಗಿರ್ಲಿ, ಈ ನಗರಸಭೆಯವರಿಗೆಲ್ಲ ಇದೆ ಹಬ್ಬ!"