ಸುತ್ತಿಗೆ ಹಿಡಿದವನ ಎಡಗೈ

ಶಕುನ, ಸೂಚನೆ ಎಂದು ಯಾರಾದರೂ ಶುರು ಮಾಡಿದರೆ ಮೆಲ್ಲಗೆ ಎದ್ದು ಹೋಗುವವನು ನಾನು. ಹಾಗಾಗಿ ಇದನ್ನು ನೀವು ನಂಬಲೇಬೇಕೆಂದು ಕೇಳುವ ಮುಖವೂ ನನಗಿಲ್ಲ. ನಡೆದದ್ದನ್ನು ಹೇಳಿಬಿಡುತ್ತೇನೆ.

ಎರಡು ಸಾವಿರದ ಐದೋ ಆರೋ ಇರಬೇಕು. ಕತಾರಿನ ಅಲ್ ಅಜೀಜಿಯಾದಲ್ಲಿ ಚಿತ್ರಗಳಿಗೆ ಫ್ರೇಮ್ ಹಾಕುವ ಅಂಗಡಿಯಲ್ಲಿದ್ದೆ. ಒಂದು ಬೆಳಿಗ್ಗೆ ಯಾವುದೋ ವಿಲ್ಲಾದಿಂದ ಹದಿನೆಂಟನೇ ಶತಮಾನದ ಯುರೋಪಿನ ಚಿತ್ರ ಬಂತು. ಗಣಿಯಿಂದ ತೆಗೆದ ಅದಿರನ್ನು ಗಂಡಸರು ಸುತ್ತಿಗೆಯಿಂದ ಒಡೆಯುತ್ತಿದ್ದರು, ಹೆಂಗಸರು ತೊಟ್ಟಿಯಲ್ಲಿ ತೊಳೆದು ಆರಿಸುತ್ತಿದ್ದರು. ಹಳೆಯ ಫ್ರೇಮ್ ಬಿಚ್ಚುವ ಮೊದಲು ಚಿತ್ರದಲ್ಲಿ ಏನೇನಿದೆ, ಎಲ್ಲಿ ಬಣ್ಣ ಎದ್ದಿದೆ ಎಂದು ಫಾರಂನಲ್ಲಿ ಬರೆದು ಸಹಿ ಹಾಕುವುದು ನಮ್ಮ ಪದ್ಧತಿ. ಆಮೇಲೆ ಗಿರಾಕಿ ತಕರಾರು ತೆಗೆಯಬಾರದಲ್ಲ. ನಾನು ಬರೆದೆ: ‘ಮುಂದೆ ಸುತ್ತಿಗೆ ಹಿಡಿದವನ ಎಡಗೈಗೆ ಬಿಳಿ ಬಟ್ಟೆ ಸುತ್ತಿದೆ, ಬಟ್ಟೆಯಲ್ಲಿ ರಕ್ತದ ಕಲೆ.’

ಫ್ರೇಮ್ ಬಿಚ್ಚಿಟ್ಟು ಊಟ ಮಾಡಿ ಬಂದು ನೋಡಿದರೆ ಬಟ್ಟೆಯೂ ಇಲ್ಲ, ಕಲೆಯೂ ಇಲ್ಲ. ಮುಂದಿದ್ದ ಆ ಆಳಿನ ಎಡಗೈಯಲ್ಲಿ ಗಾಯದ ಗುರುತೇ ಇರಲಿಲ್ಲ. ಫಾರಂ ಹಿಡಿದು ಮಾಲೀಕರನ್ನು ಕರೆದೆ.

ಅಂಗಡಿಯ ಮಾಲೀಕರು ಮಂಗಳೂರಿನ ಹಮೀದಾಕ. ಫಾರಂ ನೋಡಿದರು, ಚಿತ್ರ ನೋಡಿದರು. “ಒದ್ದೆ ಬಟ್ಟೆಯಲ್ಲಿ ಉಜ್ಜಿದ್ಯಾ? ಸತ್ಯ ಹೇಳು. ಗಿರಾಕಿ ಕೇಳಿದ್ರೆ ನಾನು ಎಂತ ಹೇಳುವುದು? ನಿನ್ನ ವೀಸಾ ಖಲಾಸ್.”

ಉಜ್ಜಿಲ್ಲವೆಂದರೆ ಯಾರು ನಂಬುತ್ತಾರೆ? ನಾನೇ ಹಟ ಮಾಡಿ ಕರೆಸಿಕೊಂಡ ತಮ್ಮ ಅದೇ ದೇಶದ ದುಖಾನ್ ಎಂಬ ತೈಲದ ಊರಿನಲ್ಲಿ ಪೈಪ್ ರಿಪೇರಿ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತಷ್ಟೆ. ಅವನೊಬ್ಬನನ್ನೇ ಇಲ್ಲಿ ಬಿಟ್ಟು ಊರಿಗೆ ಹೋಗುವುದು ಹೇಗೆ? ಬಟ್ಟೆ ನೋಡಿದ್ದು ಖಂಡಿತ. ಆದರೂ ಆ ಸಾಲಿನ ಮೇಲೆ ಗೀಟು ಎಳೆದು, ‘ತಪ್ಪಾಗಿ ಬರೆದದ್ದು’ ಎಂದು ಸಹಿ ಹಾಕಿದೆ. ನಮ್ಮ ಕಸುಬಿನಲ್ಲಿ ಇದು ಶುದ್ಧ ಮೋಸ. ನನಗೆ ನಾಚಿಕೆಯಾಯಿತು.

ಪೆನ್ನು ಕೆಳಗಿಡುವಷ್ಟರಲ್ಲಿ ತಮ್ಮನ ಫೋನ್ ಬಂತು.

“ಅಣ್ಣ, ಬೇರೆಯವರು ಹೇಳಿ ನೀನು ಹೆದರುವುದು ಬೇಡ ಅಂತ ನಾನೇ ಫೋನ್ ಮಾಡಿದ್ದು. ಈಗ ದೊಡ್ಡ ಸುತ್ತಿಗೆ ನನ್ನ ಎಡಗೈ ಮೇಲೆಯೇ ಬಿತ್ತು. ಗ್ಲೌಸ್ ಹರಿದುಹೋಯ್ತು. ಕೈಗೆ ಎಂತದೂ ಆಗಲಿಲ್ಲ. ಇಲ್ಲಿ ಯಾರೂ ನಂಬುವುದಿಲ್ಲ.”

ನಾನು ಗೀಟು ಎಳೆದ ಆ ಸಾಲನ್ನು ಮತ್ತೆ ಓದಿದೆ.

ಬೆಳಿಗ್ಗೆ ನನ್ನ ಕಣ್ಣೇ ತಪ್ಪಿತ್ತೋ, ಆ ಗೀಟು ಎಳೆಯದಿದ್ದರೆ ಏನಾಗುತ್ತಿತ್ತೋ, ಇಂದಿಗೂ ತಿಳಿಯದು. ತಮ್ಮನಿಗೆ ಇದನ್ನು ಹೇಳಿಲ್ಲ. ಈಗಲೂ ಊಟದ ನಡುವೆ ಅವನು ಎಡಗೈಯಲ್ಲಿ ನೀರಿನ ಲೋಟ ಎತ್ತಿದರೆ ನಾನು ಮಾತು ನಿಲ್ಲಿಸಿ ಆ ಕೈಯನ್ನೇ ನೋಡುತ್ತೇನೆ. “ಎಂತ ಅಣ್ಣ?” ಎನ್ನುತ್ತಾನೆ. ಅವನು ಲೋಟ ಕೆಳಗಿಟ್ಟ ಮೇಲೆ ಏನಿಲ್ಲ ಎನ್ನುತ್ತೇನೆ.