ಫೋನಿನಲ್ಲಿ ಅವ್ವ ಹೇಳಿದ್ದು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಕ್ಕು ಎದ್ದುಹೋಗುತ್ತಿದ್ದವನು ನಾನು. ಮೋಟಾರ್ ರಿವೈಂಡಿಂಗ್ ನನ್ನ ಕಸುಬು. ಹೊಸದುರ್ಗದಲ್ಲಿ ಸಣ್ಣ ಅಂಗಡಿ, ಅದರ ಹಿಂದೆಯೇ ಮನೆ. ಸುಟ್ಟ ಮೋಟಾರನ್ನು ಬಿಚ್ಚಿದರೆ ಸುಟ್ಟಿದ್ದಕ್ಕೆ ಕಾರಣ ಒಳಗೇ ಸಿಗುತ್ತದೆ. ನೀರು ಇಳಿದಿರುತ್ತದೆ, ಇಲ್ಲವೇ ಕರೆಂಟಿನ ಒಂದು ಫೇಸ್ ಹೋಗಿರುತ್ತದೆ. ಲೋಕದ ಸಂಗತಿಗಳೆಲ್ಲ ಹೀಗೇ, ಬಿಚ್ಚಿ ನೋಡುವ ತಾಳ್ಮೆ ಬೇಕು ಅಷ್ಟೇ ಎಂದುಕೊಂಡಿದ್ದೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಜಗಲಿಯ ಮೇಲೆ ನಡೆದದ್ದನ್ನು ಮಾತ್ರ ಎಷ್ಟು ಸಲ ಬಿಚ್ಚಿ ನೋಡಿದರೂ ನನಗೆ ಕಾರಣ ಸಿಕ್ಕಿಲ್ಲ.

ನಮ್ಮದು ಕುರಿ ಕಾಯುವ ಮನೆತನ. ಊರು ಹೊರಕೆರೆದೇವಪುರದ ಹತ್ತಿರದ ಹಳ್ಳಿ. ಅಪ್ಪ ಇರುವ ತನಕ ಅವ್ವ ಹಿಂಡಿನ ಹಿಂದೆ ತಿರುಗಿದವಳು. ಬಯಲಿನ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯ ಕುರಿ ತಲೆ ಎತ್ತುತ್ತಿತ್ತು, ಅಂಥ ಗಂಟಲು. ಅಪ್ಪ ಹೋದ ಮೇಲೆ ನನ್ನ ಜೊತೆ ಬಂದು ಇದ್ದಳು. ಒಂದು ಬೆಳಿಗ್ಗೆ ಲಕ್ವ ಹೊಡೆದು ಬಲಗೈ ಬಿತ್ತು, ಮಾತು ನಿಂತಿತು. ಕೈ ನಿಧಾನಕ್ಕೆ ಒಂದಿಷ್ಟು ಬಂತು. ಮಾತು ಬರಲಿಲ್ಲ. ಇನ್ನು ಬರುವುದು ಕಷ್ಟ ಎಂದು ಚಿತ್ರದುರ್ಗದ ಡಾಕ್ಟರು ಕೈ ಚೆಲ್ಲಿದರು. ಬೇಕು, ಬೇಡ, ಹಸಿವು, ನೋವು ಎಲ್ಲಕ್ಕೂ ಮೂಗಿನಲ್ಲಿ ಒಂದು ‘ಹೂಂ’ ಅಷ್ಟೇ ಉಳಿಯಿತು.

ಇನ್ನು ಫೋನಿನ ಕಾಟ ನಿಮಗೂ ಗೊತ್ತಿದ್ದದ್ದೇ. ಲೋನ್ ಬೇಕಾ, ಕ್ರೆಡಿಟ್ ಕಾರ್ಡ್ ಬೇಕಾ, ಸೈಟ್ ಬೇಕಾ, ಅನಾಥ ಮಕ್ಕಳ ಊಟಕ್ಕೆ ಏನಾದರೂ ಕೊಡುತ್ತೀರಾ. ಯಾರೋ ರೈತ ಮೋಟಾರು ಕೇಳಲು ಮಾಡಿದನೇನೋ ಎಂದು ವಾರ್ನಿಶ್ ಮೆತ್ತಿದ ಕೈಯಲ್ಲಿ ಎತ್ತಿದರೆ ಇವರು. ಒಂದು ನಂಬರನ್ನು ಬ್ಲಾಕ್ ಮಾಡಿದರೆ ಇನ್ನೊಂದು. ಬೈದು ನೋಡಿದೆ, ಬೇಡಿಕೊಂಡೂ ನೋಡಿದೆ. ಒಂದು ಸಲ ಹೀಗೆ ಯಾರೋ ಹುಡುಗಿ ಗಡಗಡ ಹೇಳುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಅವ್ವ ಎಡಗೈ ಚಾಚಿದಳು. ಕೊಟ್ಟೆ. ಕಿವಿಗೆ ಒತ್ತಿಕೊಂಡು ಕೇಳುತ್ತಾ ಕೂತಳು. ಮುಖ ಅರಳಿತು. ಮಾತು ಹೋದ ಮೇಲೆ ಮನೆಗೆ ಬಂದವರೆಲ್ಲ ಅವಳ ಆರೋಗ್ಯವನ್ನೂ ನಮ್ಮನ್ನೇ ಕೇಳುತ್ತಿದ್ದರು, ಅವಳ ಜೊತೆ ಮಾತಾಡುವವರೇ ಇರಲಿಲ್ಲ. ಅವತ್ತಿನಿಂದ ಅಂಥ ಕರೆಗಳೆಲ್ಲ ಅವ್ವನ ಪಾಲಿಗೆ ಹೋದವು. ನನ್ನ ಹೆಂಡತಿ ಶಾರದ, “ಅತ್ತೆ, ನಿಮ್ ಫೋನು ಬಂದೈತೆ” ಎಂದು ನಗುತ್ತಾ ಕೊಡುತ್ತಿದ್ದಳು. ಆ ಕಡೆಯವರು ಸ್ವಲ್ಪ ಹೊತ್ತು ಹೇಳಿ, ಹಲೋ ಹಲೋ ಎಂದು ಕೂಗಿ, ಇಟ್ಟುಬಿಡುತ್ತಿದ್ದರು.

ಅದೊಂದು ಬೇಸಿಗೆಯ ಮಧ್ಯಾಹ್ನ. ಅವ್ವ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಅವಳ ಎದುರಿಗೇ ಶಾರದ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಫೋನು ಬಂತು. ಮಕ್ಕಳ ಹೃದಯದ ಆಪರೇಷನ್ನಿಗೆ ನೆರವು ಕೇಳುವ ಯಾವುದೋ ಟ್ರಸ್ಟು, ಬೆಂಗಳೂರಿನಿಂದ. “ಸರ್, ಎರಡು ನಿಮಿಷ ಮಾತಾಡಬಹುದಾ?” ಎಂದಳು ಹುಡುಗಿ. “ನಮ್ ಅವ್ವನ ಹತ್ರ ಮಾತಾಡ್ರಿ” ಎಂದು ಅವ್ವನ ಕೈಗೆ ಕೊಟ್ಟು ಅಂಗಡಿಗೆ ಹೋದೆ.

ಒಂದು ಮೋಟಾರಿಗೆ ತಂತಿ ಸುತ್ತಿ ಮುಗಿಸಿ ವಾಪಸು ಬಂದರೆ ಫೋನು ಇನ್ನೂ ಅವ್ವನ ಕಿವಿಯಲ್ಲೇ ಇತ್ತು. ತೆಗೆದುಕೊಂಡೆ, ಕಾದ ಕಾವಲಿಯಂತೆ ಬಿಸಿಯಾಗಿತ್ತು. ಯಾವುದೋ ರೆಕಾರ್ಡ್ ಮಾಡಿದ ಜಾಹೀರಾತು ಓಡುತ್ತಿರಬೇಕು ಎಂದುಕೊಂಡು ಕಿವಿಗಿಟ್ಟರೆ, ಆ ಕಡೆ ಅದೇ ಹುಡುಗಿ ಬಿಕ್ಕುತ್ತಿದ್ದಳು.

“ಯಾಕಮ್ಮಾ, ಏನಾಯ್ತು?” ಎಂದೆ.

“ಅಜ್ಜಿಗೆ ಕೊಡಿ ಸರ್, ಇನ್ನೊಂದು ಸ್ವಲ್ಪ ಮಾತಾಡಲಿ” ಎಂದಳು.

“ಅಜ್ಜಿಗೆ ಮಾತು ಬರಲ್ಲಮ್ಮ. ಲಕ್ವ ಹೊಡೆದು ಎರಡು ವರ್ಷ ಆಯ್ತು.”

ಅವಳ ಬಿಕ್ಕು ನಿಂತಿತು. “ಏನು ಸರ್ ಹೀಗಂತೀರಾ? ಇಷ್ಟು ಹೊತ್ತು ಮಾತಾಡಿದ್ದು ಅವರೇ ಅಲ್ವಾ?”

ನನಗೆ ಸಿಟ್ಟು ಬಂತು. ದುಡ್ಡು ಕೀಳಲು ಇದೊಂದು ಹೊಸ ಉಪಾಯವಿರಬೇಕು ಎನಿಸಿತು. ಆದರೂ, ಅವ್ವ ಏನು ಹೇಳಿದಳು ಎಂದು ಕೇಳಿದೆ. ಆ ಹುಡುಗಿಯ ಹೆಸರು ಸವಿತಾ. ಹೆರಿಗೆಯಾದ ಕೆಲವೇ ದಿನಕ್ಕೆ ಮಗು ತೀರಿಕೊಂಡಿತ್ತು. ಮತ್ತೆ ಕೆಲಸಕ್ಕೆ ಬಂದಿದ್ದಳು. ಆಫೀಸಿನಲ್ಲಿ ಎಲ್ಲರಿಗೂ ವಿಷಯ ಗೊತ್ತು, ಯಾರೂ ಆ ಮಾತು ಎತ್ತುವುದಿಲ್ಲ.

“ದಿನವಿಡೀ ಬೇರೆಯವರ ಮಕ್ಕಳನ್ನ ಉಳಿಸಿ ಅಂತ ಕೇಳ್ತೀನಿ ಸರ್. ಆಫೀಸಲ್ಲಿ ಬರೆದುಕೊಟ್ಟಿದ್ದನ್ನ ನಾನು ಓದಿ ಮುಗಿಸೋವರೆಗೂ ಅಜ್ಜಿ ಕೇಳಿದ್ರು. ಆಮೇಲೆ, ‘ಎದೆಯಾಗಿನ ಹಾಲು ಇನ್ನೂ ನಿಂತಿಲ್ಲೇನವ್ವಾ?’ ಅಂದ್ರು.”

ಬೆಂಗಳೂರಿನ ಮಾತಾಡುತ್ತಿದ್ದ ಹುಡುಗಿಯ ಬಾಯಲ್ಲಿ ಆ ಒಂದು ಮಾತು ಥೇಟ್ ನಮ್ಮ ಹಟ್ಟಿಯ ಮಾತಿನಂತೆ ಬಂತು. ನಾನು ಅವ್ವನ ಕಡೆ ನೋಡಿದೆ. ಅವ್ವ ರಸ್ತೆಯ ಕಡೆ ನೋಡುತ್ತಿದ್ದಳು.

“ಆಮೇಲೆ ಅವರ ಮಗಳ ವಿಷಯ ಹೇಳಿದ್ರು. ‘ನನ್ ಗೌರಿ ಹೋದಾಗ್ಲೂ ಹಿಂಗೇ ಆಗಿತ್ತು ಕಣವ್ವ. ಕೂಸು ಮಣ್ಣಾಗೈತೆ, ಹಾಲು ಸೋರ್ತಾನೇ ಐತೆ. ಭರಮಸಾಗರದ ಕೆರೆ ಏರಿ ಕೆಳಗೆ ಬೇವಿನಮರದ ಬುಡದಾಗೆ ಮಲಗಿಸಿ, ಕುರಿ ಹಿಂದೆ ಹೊಂಟೆ. ಮದುವೇಲಿ ಕೊಟ್ಟಿದ್ ಕಂಬಳೀನೇ ಹರಿದು ಸುತ್ತಿದ್ದೆ’ ಅಂದ್ರು.” ಅವಳು ಮೂಗು ಒರೆಸಿಕೊಂಡ ಸದ್ದಾಯಿತು. “ಇವತ್ತು ಕೆಲಸ ಮುಗಿಸಿ ಮನೆಗೆ ಹೋಗಲ್ಲ ಅಂದ್ಕೊಂಡಿದ್ದೆ ಸರ್. ಎಲ್ಲಿಗೆ ಅಂತ ಕೇಳಬೇಡಿ. ಅಜ್ಜಿ, ‘ಸೀದಾ ಮನಿಗೋಗು, ಉಂಡು ಮಲಿಕ್ಕ’ ಅಂದ್ರು. ಹೋಗ್ತೀನಿ ಅಂತ ಹೇಳಿ ಸರ್ ಅವರಿಗೆ.”

ಫೋನು ಇಟ್ಟ ಮೇಲೆ ಶಾರದಳನ್ನು ಕೇಳಿದೆ. “ಇಲ್ಲೇ ಎದುರಿಗೇ ಕುಂತಿದ್ನಲ್ಲ. ಅತ್ತೆ ತುಟೀನೇ ಅಲ್ಲಾಡಿಸಲಿಲ್ಲ” ಎಂದಳು.

ನಾನು ಕಂಡಂತೆ ನನಗೆ ಅಕ್ಕತಂಗಿ ಯಾರೂ ಇರಲಿಲ್ಲ. ನಾನೇ ಮೊದಲ ಮಗು ಎಂದು ತಿಳಿದು ಬೆಳೆದವನು. ಆದ್ದರಿಂದ ಎಲ್ಲವೂ ಸುಳ್ಳು ಎಂದುಕೊಂಡೆ. ಆದರೂ ಮನಸ್ಸು ತಡೆಯದೆ ಮಾರನೆಯ ದಿನ ಊರಿಗೆ ಹೋದೆ. ಅಪ್ಪನ ತಂಗಿ ಗಂಗತ್ತೆ ಇನ್ನೂ ಗಟ್ಟಿಯಾಗಿದ್ದಳು. ಒಂದು ಕಾಲದಲ್ಲಿ ಅಪ್ಪ ಅವ್ವನ ಜೊತೆ ಹಿಂಡಿನ ಹಿಂದೆ ಅವಳೂ ಹೋಗುತ್ತಿದ್ದಳು. ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದವಳ ಹತ್ತಿರ ನಿಂತು, “ಅತ್ತೆ, ಗೌರಿ ಯಾರು?” ಎಂದೆ.

ಕೈಯಲ್ಲಿದ್ದ ಸೊಪ್ಪು ಕೆಳಗೆ ಬಿತ್ತು. “ಯಾರ್ಲೇ ಹೇಳಿದ್ದು ನಿಂಗೆ?”

“ಅವ್ವ.”

“ನಿಮ್ಮವ್ವಂಗೆ ಮಾತೆಲ್ಲೈತೋ?” ಎಂದವಳು ಬಿದ್ದ ಸೊಪ್ಪನ್ನು ಆಯ್ದುಕೊಳ್ಳುತ್ತಾ ಕೂತಳು. ತಲೆ ಎತ್ತದೆ ಹೇಳಿದಳು. “ಆ ಹೆಸ್ರು ಯಾರೂ ಎತ್ತಬಾರ್ದು ಅಂದಿದ್ದ ನಿಮ್ಮಪ್ಪ. ನಿನಗಿಂತ ಮುಂಚೆ, ಹಿಂಡಿನ ಜೊತೆ ಹೋದಾಗ ಹುಟ್ಟಿ, ಊರಿಗೆ ಬರೋದ್ರೊಳಗೇ ಹೋದ ಕೂಸು ಕಣಪ್ಪ. ನಾವು ಮೂರು ಜನಾನೇ ಅಲ್ಲಿದ್ದೋರು. ಕೆರೆ ಏರಿ ಕೆಳಗೆ ಮಣ್ಣು ಮಾಡಿದ್ವಿ. ಕಂಬಳಿ ಹರಿಯಾಕೆ ನಿಮ್ಮವ್ವನ ಕೈಲಿ ಆಗ್ಲಿಲ್ಲ, ಒಂದು ಕಡೆ ಅವ್ಳು ಹಿಡ್ಕಂಡ್ಳು, ಇನ್ನೊಂದು ಕಡೆ ನಾನು ಹಿಡಿದು ಎಳೆದೆ.”

ವಾಪಸು ಬರುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಅಪ್ಪ ಇಲ್ಲ. ಅತ್ತೆ ಯಾರಿಗೂ ಹೇಳಿಲ್ಲ. ಉಳಿದವಳು ಅವ್ವ ಒಬ್ಬಳೇ. ಮನೆಗೆ ಬಂದು ಅವಳ ಕಾಲ ಬಳಿ ಕೂತು, “ಅವ್ವಾ, ಗೌರಿ ಅಂತ ನಂಗೊಬ್ಬಳು ಅಕ್ಕ ಇದ್ಲಾ?” ಎಂದೆ. ಅವ್ವ ‘ಹೂಂ’ ಎಂದಳು. ಎಡಗೈಯನ್ನು ನನ್ನ ತಲೆಯ ಮೇಲಿಟ್ಟಳು. ಅಷ್ಟೇ. ಏನಾದರೂ ಹೇಳು ಎಂದು ಎಷ್ಟು ಬೇಡಿಕೊಂಡರೂ ಬಾಯಿ ತೆರೆಯಲಿಲ್ಲ.

ಕೆಲವು ದಿನಗಳ ಮೇಲೆ ಸವಿತಾ ತನ್ನ ಸ್ವಂತ ಫೋನಿನಿಂದ ಮಾಡಿದಳು. ಅವರ ಆಫೀಸಿನಲ್ಲಿ ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವಂತೆ. ಮೇಲಿನವರನ್ನು ಕೇಳಿಕೊಂಡು ಆ ಕರೆಯನ್ನು ಮತ್ತೆ ಕೇಳಿದ್ದಳು. “ನಾನು ಅಳೋದು, ಹೂಂ ಅಜ್ಜಿ ಅನ್ನೋದು ಎಲ್ಲ ಇದೆ ಸರ್. ನಡುನಡುವೆ ಅಜ್ಜಿ ಉಸಿರಾಡೋದೂ ಕೇಳುತ್ತೆ. ಮಾತು ಮಾತ್ರ ಇಲ್ಲ. ಆದರೆ ನಾನು ಕೇಳಿಸ್ಕೊಂಡಿದೀನಿ ಸರ್, ನನ್ನ ಮಗು ಆಣೆಗೂ.” ಆಮೇಲೆ, ಅಜ್ಜಿಯನ್ನು ನೋಡಲು ಬರಬಹುದಾ ಎಂದು ಕೇಳಿದಳು.

ಮುಂದಿನ ವಾರ ಬಸ್ಸಿಳಿದು ಬಂದಳು. ಇಪ್ಪತ್ತೈದರ ಆಸುಪಾಸಿನ, ಸೊರಗಿದ ಮುಖದ ಹುಡುಗಿ. ಶಾರದ, “ಬರ್ರಿ, ಕುಂತ್ಕಳ್ರಿ” ಎಂದು ಕುರ್ಚಿ ಹಾಕಿದರೂ ಅದರಲ್ಲಿ ಕೂರಲಿಲ್ಲ. ಸೀದಾ ಹೋಗಿ ಅವ್ವನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ತಾನು ಯಾರು ಎಂದು ಅವಳೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ಅವ್ವ ಅವಳ ಕೈಯನ್ನು ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ನಾನು ಬಾಗಿಲಲ್ಲೇ ನಿಂತೆ. ಮನೆಯೆಲ್ಲ ನಿಶ್ಶಬ್ದವಾಗಿತ್ತು, ಅವತ್ತು ಅಂಗಡಿಯ ಯಂತ್ರಗಳನ್ನೂ ನಿಲ್ಲಿಸಿದ್ದೆ. ಅವ್ವ ಆ ಹುಡುಗಿಯ ಮುಖವನ್ನೇ ನೋಡುತ್ತಿದ್ದಳು. ಅವ್ವನ ತುಟಿ ಅಲ್ಲಾಡಲಿಲ್ಲ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಕಣ್ಣು ಮಿಟುಕಿಸದೆ ನೋಡಿದ್ದೇನೆ. ಸ್ವಲ್ಪ ಹೊತ್ತಿಗೆ ಸವಿತಾ ತಲೆಯಾಡಿಸಿದಳು. “ಹೂಂ ಅಜ್ಜಿ” ಎಂದಳು. ಅವ್ವನ ಕಡೆ ಬಾಗಿದಳು. “ಇಲ್ಲ ಅಜ್ಜಿ, ಈಗ ನಿಂತಿದೆ” ಎಂದಳು. ಮತ್ತೆ ಏನನ್ನೋ ಕೇಳಿಸಿಕೊಂಡು ಸಣ್ಣಗೆ ನಕ್ಕಳು.

ನನ್ನನ್ನು ಹೆತ್ತವಳು ಅಲ್ಲಿ ಮಾತಾಡುತ್ತಿದ್ದಳು. ಉಸಿರು ಬಿಗಿಹಿಡಿದು, ಕಿವಿಯೊಂದೇ ಆಗಿ ನಿಂತಿದ್ದರೂ ನನಗೆ ಒಂದು ಅಕ್ಷರವೂ ಕೇಳಿಸಲಿಲ್ಲ.